ದ್ರಾಕ್ಷಿ ಪಡದಲ್ಲಿ ಬಳಸಿ ನೋಡಿದ ಒಂದು ಆ್ಯಪ್

ಔಷಧ ಸಿಂಪಡಣೆಯ ಲೆಕ್ಕ, ಹವಾಮಾನದ ಮುನ್ಸೂಚನೆ ಮತ್ತು ಒಣದ್ರಾಕ್ಷಿಯ ದರ, ಈ ಮೂರನ್ನೂ ಒಂದೇ ಕಡೆ ಕೊಡುವ ಆ್ಯಪ್ ಒಂದು ಈಚೆಗೆ ವಿಜಯಪುರ ಜಿಲ್ಲೆಯ ಟಿಕೋಟಾ ಭಾಗದ ಬೆಳೆಗಾರರ ಮೊಬೈಲಿನಲ್ಲಿ ಕಾಣಸಿಗುತ್ತಿದೆ. ಅಕ್ಟೋಬರ್ ಚಾಟ್ನಿಯಿಂದ (ಬಳ್ಳಿ ಕತ್ತರಿಸುವುದರಿಂದ) ಹಿಡಿದು ಮಣೂಕ (ಒಣದ್ರಾಕ್ಷಿ) ಒಣಗಿಸುವವರೆಗೆ ನಮ್ಮ ಪಡದಲ್ಲಿ, ಅಂದರೆ ದ್ರಾಕ್ಷಿ ತೋಟದಲ್ಲಿ, ಇದನ್ನು ಬಳಸಿದ ಮೇಲೆ ನನಗೆ ಅನಿಸಿದ್ದೆಂದರೆ, ಇದರಲ್ಲಿರುವ ಮಾಹಿತಿ ಬಹುಮಟ್ಟಿಗೆ ಉಪಯುಕ್ತವಾಗಿದೆ, ಆದರೆ ಅದನ್ನು ಬಿಸಿಲಿನಲ್ಲಿ ನಿಂತು, ಒದ್ದೆ ಕೈಯಲ್ಲಿ, ಹಳೆಯ ಫೋನಿನಲ್ಲಿ ಬಳಸುವವರನ್ನು ವಿನ್ಯಾಸ ಮಾಡಿದವರು ಕಣ್ಣಮುಂದೆ ಇಟ್ಟುಕೊಂಡಿಲ್ಲ.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. ಆ್ಯಪ್ ತೆರೆದ ಕೂಡಲೇ ಕೊನೆಯದಾಗಿ ಹೊಡೆದ ಔಷಧ ಯಾವುದು, ಎಂದು ಹೊಡೆದದ್ದು, ಅದರ ನಂತರ ಕಟಾವಿಗೆ ಎಷ್ಟು ದಿನ ಬಿಡಬೇಕು ಎಂಬುದು ಮೇಲ್ಭಾಗದಲ್ಲೇ ಕಾಣುತ್ತದೆ. ರಾತ್ರಿ ಮಳೆಯಾಗಿ ಬೆಳಿಗ್ಗೆ ಎಲೆ ಒದ್ದೆಯಿದ್ದಾಗ ಡೌನಿ ಎಂಬ ಬೂಜು ರೋಗದ ಭಯದಲ್ಲಿರುವ ರೈತನಿಗೆ ಮೊದಲು ಬೇಕಾದ ಮಾಹಿತಿ ಇದೇ ಆಗಿರುವುದರಿಂದ, ಜಾಹೀರಾತನ್ನೋ ಸ್ವಾಗತದ ಚಿತ್ರವನ್ನೋ ಅಲ್ಲಿ ಹಾಕದೆ ಇದನ್ನು ಇಟ್ಟಿರುವುದು ಸರಿಯಾದ ತೀರ್ಮಾನ.

ದೊಡ್ಡ ಕೊರತೆಯೆಂದರೆ ನೆಟ್‌ವರ್ಕ್ ಇಲ್ಲದಿದ್ದಾಗ ಇದು ನಡೆದುಕೊಳ್ಳುವ ರೀತಿ. ಔಷಧದ ಹೆಸರು, ಪ್ರಮಾಣ, ನೀರಿನ ಲೀಟರ್ ಎಲ್ಲವನ್ನೂ ತುಂಬಿ ‘ಉಳಿಸು’ ಒತ್ತಿದರೆ, ಸಿಗ್ನಲ್ ಸಿಗದ ಪಕ್ಷದಲ್ಲಿ ‘ದೋಷ ಸಂಭವಿಸಿದೆ’ ಎಂಬ ಒಂದೇ ಸಾಲು ಬಂದು ಅಷ್ಟೂ ಖಾನೆಗಳು ಖಾಲಿಯಾಗುತ್ತವೆ. ಹೊಲದಲ್ಲಿ ಬಳಸುವ ಆ್ಯಪ್ ಯಾವುದೇ ಇರಲಿ, ತುಂಬಿದ್ದನ್ನು ಮೊದಲು ಫೋನಿನಲ್ಲೇ ಉಳಿಸಿ, ಸಿಗ್ನಲ್ ಸಿಕ್ಕಾಗ ತಾನಾಗಿ ಸರ್ವರಿಗೆ ಕಳುಹಿಸಬೇಕು. ‘ಫೋನಿನಲ್ಲಿ ಉಳಿದಿದೆ, ಇನ್ನೂ ಕಳುಹಿಸಿಲ್ಲ’ ಎಂದು ಸ್ಪಷ್ಟವಾಗಿ ತಿಳಿಸಲೂ ಬೇಕು. ಉಳಿದೆಲ್ಲವನ್ನೂ ಬದಿಗಿಟ್ಟು ಇದೊಂದನ್ನು ಸರಿಪಡಿಸಿದರೂ ಆ್ಯಪಿನ ಬೆಲೆ ಹೆಚ್ಚುತ್ತದೆ.

ಅಕ್ಷರಗಳ ವಿಷಯದಲ್ಲಿ ನನಗೆ ನಿಜವಾಗಿಯೂ ಬೇಸರವಿದೆ. ಇಂಗ್ಲಿಷ್ ಸಾಲುಗಳ ಎತ್ತರಕ್ಕೆ ಅಳೆದ ಪೆಟ್ಟಿಗೆಯಲ್ಲಿಯೇ ಕನ್ನಡವನ್ನೂ ಕೂರಿಸಿರುವುದರಿಂದ ಕೆಳಗೆ ಇಳಿಯುವ ಒತ್ತಕ್ಷರಗಳು ಕತ್ತರಿಸಿಹೋಗಿವೆ. ‘ದ್ರಾಕ್ಷಿ’ ಎಂಬ ಶೀರ್ಷಿಕೆಯಲ್ಲಿಯೇ ದಕಾರದ ಕೆಳಗಿನ ರಕಾರ ಅರ್ಧ ಮಾತ್ರ ಕಾಣುತ್ತದೆ. ನಮ್ಮ ಅಪ್ಪ ಫೋನಿನ ಸೆಟ್ಟಿಂಗ್‌ನಲ್ಲಿ ಅಕ್ಷರಗಳನ್ನು ದೊಡ್ಡದು ಮಾಡಿಕೊಂಡಿದ್ದಾರೆ, ಆದರೆ ಈ ಆ್ಯಪ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಿಳಿ ಹಿನ್ನೆಲೆಯ ಮೇಲೆ ತಿಳಿಬೂದು ಬಣ್ಣದ ಬರಹವಂತೂ ಮಧ್ಯಾಹ್ನದ ಬಿಸಿಲಿನಲ್ಲಿ ಓದಲಿಕ್ಕೇ ಬರುವುದಿಲ್ಲ. ಸಾಮಾನ್ಯ ಗಾತ್ರದ ಬರಹಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಅನುಪಾತದ ಹೊಳಪಿನ ವ್ಯತ್ಯಾಸವಿರಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಇದೆ, ಬಯಲಿನ ಬಳಕೆಗೆ ಅದಕ್ಕಿಂತ ಹೆಚ್ಚೇ ಇರಲಿ.

‘ಉಳಿಸು’ ಮತ್ತು ‘ಅಳಿಸು’ ಎಂಬ ಬಟನ್‌ಗಳು ಒಂದೇ ಬಣ್ಣದಲ್ಲಿ, ಒಂದರ ಪಕ್ಕ ಒಂದು, ಬೆರಳ ತುದಿಗಿಂತ ಚಿಕ್ಕದಾಗಿವೆ. ಒತ್ತುವ ಜಾಗ ಕನಿಷ್ಠ 48 ಡಿಪಿ (ಪರದೆಯ ಅಳತೆಯ ಏಕಮಾನ), ಅಂದರೆ ಸುಮಾರು 9 ಮಿಲಿಮೀಟರ್ ಇರಬೇಕೆಂದು ಆಂಡ್ರಾಯ್ಡ್ ವಿನ್ಯಾಸದ ಸಲಹೆಯಿದೆ. ಅಳಿಸುವ ಬಟನ್ ದೂರದಲ್ಲಿ, ಬೇರೆ ಬಣ್ಣದಲ್ಲಿ ಇರಬೇಕಿತ್ತು, ಮತ್ತು ಅಳಿಸಿದ್ದನ್ನು ಕೂಡಲೇ ಮರಳಿ ಪಡೆಯುವ ಅವಕಾಶವೂ ಬೇಕಿತ್ತು.

ಮೊದಲ ಸಲ ತೆರೆದಾಗಲೇ ಸ್ಥಳ, ಕ್ಯಾಮೆರಾ, ಸಂಪರ್ಕ ಪಟ್ಟಿ ಎಲ್ಲಕ್ಕೂ ಅನುಮತಿ ಕೇಳುವುದೂ ಸರಿಯಲ್ಲ. ಬೇಕಾದ ಹೊತ್ತಿಗೆ ಬೇಕಾದದ್ದನ್ನು ಮಾತ್ರ ಕೇಳುವ ವ್ಯವಸ್ಥೆ 2015ರ ಆಂಡ್ರಾಯ್ಡ್ 6ರಿಂದಲೇ ಇದೆ. ರೋಗ ಬಿದ್ದ ಎಲೆಯ ಫೋಟೊ ತೆಗೆಯುವಾಗ ಕ್ಯಾಮೆರಾ ಕೇಳಲಿ. ಔಷಧದ ಲೆಕ್ಕಕ್ಕೆ ನಮ್ಮ ಬೀಗರ ಫೋನ್ ನಂಬರು ಏಕೆ ಬೇಕು?

ಇಷ್ಟೆಲ್ಲ ಹೇಳಿದ ಮೇಲೂ, ಸಿಂಪಡಣೆಯ ಲೆಕ್ಕಕ್ಕಾಗಿ ಇದನ್ನು ಇಟ್ಟುಕೊಳ್ಳಬಹುದು ಎಂಬುದೇ ನನ್ನ ಅಭಿಪ್ರಾಯ, ಜೊತೆಗೆ ಹಾಳೆಯ ಡೈರಿಯೂ ಇರಲಿ. ದರದ ಪುಟವನ್ನು ಮಾತ್ರ ಸದ್ಯಕ್ಕೆ ನಂಬಬೇಡಿ. ನೆಟ್‌ವರ್ಕ್ ಇಲ್ಲದಾಗ ಅದು ಹಿಂದಿನ ದರವನ್ನೇ ತೋರಿಸುತ್ತದೆ, ಆದರೆ ಅದು ಯಾವ ದಿನದ್ದು, ವಿಜಯಪುರ ಮಾರುಕಟ್ಟೆಯದೋ ಮಹಾರಾಷ್ಟ್ರದ ತಾಸಗಾಂವದ್ದೋ ಎಂದು ಎಲ್ಲಿಯೂ ಬರೆದಿಲ್ಲ. ಮಾಲು ಗಾಡಿಗೆ ಹೇರುವ ಮುನ್ನ ದಲಾಲರಿಗೆ ಒಮ್ಮೆ ಫೋನ್ ಮಾಡಿ ಕೇಳಿಕೊಳ್ಳಿ.