ಕ್ಲಾಸ್ ಎ ಆಂಪ್ಲಿಫೈಯರ್: ಕೆಲವು ವರ್ಷಗಳ ಬಳಕೆಯ ನಂತರ

ಈ ಪೆಟ್ಟಿಗೆಯ ಮೇಲೆ ನನ್ನ ದೊಡ್ಡ ದೂರು ಒಂದೇ: ಕೆಲಸವಿಲ್ಲದೆ ಕುಳಿತಾಗಲೇ ಇದು ಹೆಚ್ಚು ಬಿಸಿಯಾಗುತ್ತದೆ. ಹಾಡು ನಿಲ್ಲಿಸಿ ಎದ್ದು ಹೋಗಿ ಮರಳಿ ಬರುವಷ್ಟರಲ್ಲಿ ಹೀಟ್‌ಸಿಂಕಿನ (ಶಾಖ ಹೊರಹಾಕುವ ಲೋಹದ ರೆಕ್ಕೆಗಳ) ಮೇಲೆ ಅಂಗೈ ಊರಲಾಗುವುದಿಲ್ಲ. ಜೋರಾಗಿ ನುಡಿಸಿದರೆ ತುಸು ತಣ್ಣಗಾಗುತ್ತದೆ! ಕಾರಣ ಸರಳ. ಕ್ಲಾಸ್ ಎ ವಿನ್ಯಾಸದಲ್ಲಿ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಸಂಕೇತದ ಆವರ್ತದ ಪೂರ್ತಿ 360 ಡಿಗ್ರಿಯೂ, ಅಂದರೆ ಎಡೆಬಿಡದೆ, ವಿದ್ಯುತ್ ಹರಿಸುತ್ತವೆ. ಹಾಡಿದ್ದರೆ ಅದರಲ್ಲಿ ಒಂದು ಪಾಲು ಸ್ಪೀಕರಿಗೆ ಹೋಗುತ್ತದೆ, ಇಲ್ಲದಿದ್ದರೆ ಅಷ್ಟೂ ಶಾಖ.

ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರ್ ಇದ್ದರೆ ಕ್ಲಾಸ್ ಎ, ಎಬಿ, ಡಿ ದರ್ಜೆಗಳನ್ನು ಗುರುತಿಸಲು ಕಿವಿಯೇ ಬೇಡ. ನನ್ನ ಕ್ಲಾಸ್ ಎ ಮೌನದಲ್ಲಿಯೂ ಅಬ್ಬರದಲ್ಲಿಯೂ 150 ವ್ಯಾಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ನನ್ನ ಹಳೆಯ ಕ್ಲಾಸ್ ಎಬಿ (ದೊಡ್ಡ ಸಂಕೇತವನ್ನು ಎರಡು ಟ್ರಾನ್ಸಿಸ್ಟರುಗಳು ಅರ್ಧರ್ಧ ಹಂಚಿಕೊಳ್ಳುವ ವಿನ್ಯಾಸ) ಮೌನದಲ್ಲಿ ಕಡಿಮೆ ಎಳೆದು, ಧ್ವನಿ ಏರಿಸಿದಂತೆ ಮೇಲೇರುತ್ತದೆ. ಮೇಜಿನ ಮೇಲಿರುವ ಪುಟ್ಟ ಕ್ಲಾಸ್ ಡಿ ಕೆಲವೇ ವ್ಯಾಟುಗಳಲ್ಲಿ ತೃಪ್ತ. ಅದರ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಲಕ್ಷಾಂತರ ಬಾರಿ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತವೆ. ಅರ್ಧಂಬರ್ಧ ತೆರೆದು ನಿಲ್ಲುವುದೇ ಇಲ್ಲವಾದ್ದರಿಂದ ಶಾಖಕ್ಕೆ ಆಸ್ಪದ ಕಡಿಮೆ.

ಇಷ್ಟಾದರೂ ಈ ಕುಲುಮೆಯನ್ನು ಇಟ್ಟುಕೊಂಡಿದ್ದೇನೆ. ಕೇಳಲು ಕೂರುವ ಅರ್ಧ ಗಂಟೆ ಮೊದಲು ಸ್ವಿಚ್ ಹಾಕುತ್ತೇನೆ. ಒಣ ಕುಂಚದಿಂದ ಹೀಟ್‌ಸಿಂಕಿನ ಒಂದೊಂದು ರೆಕ್ಕೆಯ ನಡುವಿನ ಧೂಳನ್ನೂ ಮೇಲಿನಿಂದ ಕೆಳಕ್ಕೆ ತೆಗೆಯುತ್ತೇನೆ. ರೆಕ್ಕೆಗಳು ಬೆಚ್ಚಗಾಗುವಾಗ ಒಳಗಿನ ಲೋಹ ಒಮ್ಮೆ, ಸ್ವಲ್ಪ ತಡೆದು ಮತ್ತೊಮ್ಮೆ 'ಟಿಕ್' ಎನ್ನುತ್ತದೆ. ಆಮೇಲೆ ಗುಂಡಿಯನ್ನು ಎಂಟು ಗಂಟೆಯ ದಿಕ್ಕಿಗಿಂತ ಮೇಲೆ ತಿರುಗಿಸದೆ, ಒಂದು ವೀಣೆಯ ಧ್ವನಿಮುದ್ರಣ. ಮೀಟಿದ ತಂತಿಯ ನಾದ ಕ್ಷೀಣಿಸುತ್ತಾ ಹೋಗುವಾಗ ಕೊನೆಯ ಎಳೆಯವರೆಗೂ ನುಣುಪಾಗಿ ಇಳಿಯುತ್ತದೆ. ಹಳೆಯ ಎಬಿಯಲ್ಲಿ ಅದೇ ಜಾಗದಲ್ಲಿ ಸಣ್ಣ ಮರಳು ಉಜ್ಜಿದಂತಹ ಒರಟುತನವಿತ್ತು. ಒಂದು ಟ್ರಾನ್ಸಿಸ್ಟರಿನಿಂದ ಮತ್ತೊಂದಕ್ಕೆ ಸಂಕೇತ ಕೈ ಬದಲಾಗುವಾಗ ಹುಟ್ಟುವ ಕ್ರಾಸ್‌ಓವರ್ ವಿಕೃತಿ ಅದು. ಮೆಲ್ಲಗೆ ಕೇಳುವವರಿಗೇ ಅದು ಹೆಚ್ಚು ಚುಚ್ಚುತ್ತದೆ, ಏಕೆಂದರೆ ಸಂಕೇತ ಚಿಕ್ಕದಾದಷ್ಟೂ ಅದರಲ್ಲಿ ವಿಕೃತಿಯ ಪಾಲು ದೊಡ್ಡದು.

ಇಲ್ಲಿಯವರೆಗೆ ಹೊಗಳಿಕೆ. ಈಚೆಗೆ ಹಳೆಯ ಎಬಿಯನ್ನು ರಿಪೇರಿಗೆ ಕೊಟ್ಟಾಗ ತಂತ್ರಜ್ಞರು ಅದರ ಬಯಾಸ್ (ಮೌನದಲ್ಲಿಯೂ ಟ್ರಾನ್ಸಿಸ್ಟರುಗಳಲ್ಲಿ ಹರಿಯುವ ವಿದ್ಯುತ್) ಬಹಳ ಕೆಳಗಿಳಿದಿರುವುದನ್ನು ಕಂಡು ಸರಿಪಡಿಸಿದರು. ಮನೆಗೆ ತಂದು ಅದೇ ವೀಣೆ ಹಾಕಿದೆ. ಮರಳು ಮಾಯ! ಲೆಕ್ಕ ಹಾಕಿದರೆ ಆಶ್ಚರ್ಯವೂ ಅಲ್ಲ. ಬಯಾಸ್ 100 ಮಿಲಿಆಂಪಿಯರ್ ಇದ್ದರೆ 8 ಓಮ್ ಸ್ಪೀಕರಿಗೆ ಸುಮಾರು 0.16 ವ್ಯಾಟ್ ಕೊಡುವವರೆಗೂ ಎಬಿ ಕೆಲಸ ಮಾಡುವುದು ಕ್ಲಾಸ್ ಎ ರೀತಿಯಲ್ಲಿಯೇ. ರಾತ್ರಿ ನಾನು ಕೇಳುವ ಮಟ್ಟಕ್ಕೆ ಅಷ್ಟೂ ಬೇಕಾಗುವುದಿಲ್ಲ. ಎರಡರ ಧ್ವನಿಮಟ್ಟವನ್ನೂ ಸಮ ಮಾಡಿ, ಯಾವುದು ನುಡಿಯುತ್ತಿದೆ ಎಂದು ತಿಳಿಯದಂತೆ ಕೇಳಿದಾಗ ನನ್ನ ಕಿವಿ ಸುಮ್ಮನಾಯಿತು. ಅಷ್ಟು ವರ್ಷ ತೆತ್ತ ವಿದ್ಯುತ್ ಬಿಲ್ ನೆನೆದು ಹೊಟ್ಟೆ ಉರಿಯಿತು.

ಕ್ಲಾಸ್ ಡಿ ಬಗ್ಗೆ ಒಂದು ಮಾತು: ನನ್ನದರಲ್ಲಿ ಸ್ಪೀಕರ್ ಬದಲಿಸಿದರೆ ತಾರಕದ ಸ್ವಭಾವವೂ ಬದಲಾಗುತ್ತದೆ. ಔಟ್‌ಪುಟ್ ಫಿಲ್ಟರಿನ (ಸ್ವಿಚಿಂಗ್ ಅಲೆಗಳನ್ನು ಸೋಸುವ ಭಾಗ) ನಂತರದಿಂದ, ತಪ್ಪು ತಿದ್ದಿಕೊಳ್ಳಲು, ಫೀಡ್‌ಬ್ಯಾಕ್ ತೆಗೆದುಕೊಳ್ಳದ ಅಗ್ಗದ ವಿನ್ಯಾಸಗಳಲ್ಲಿ ಇದು ಸಾಮಾನ್ಯ. ಟಿವಿಗೆ ಧಾರಾಳವಾಗಿ ಸಾಕು.

ನನ್ನಂತೆ ಸಣ್ಣ ಕೋಣೆಯಲ್ಲಿ, ಸಣ್ಣ ದನಿಯಲ್ಲಿ ಕೇಳುವವರು ಚೆನ್ನಾಗಿ ಬಯಾಸ್ ಮಾಡಿದ ಎಬಿ ಕೊಂಡು ಉಳಿದ ಹಣವನ್ನು ಸ್ಪೀಕರಿಗೆ ಹಾಕಬಹುದು. ಕ್ಲಾಸ್ ಎ ಬೇಕೇ ಬೇಕೆಂದರೆ, ಮುಂಭಾಗದಲ್ಲಿ 'ಶುದ್ಧ ಕ್ಲಾಸ್ ಎ' ಎಂದು ಕೊರೆದಿರುವುದನ್ನು ನಂಬದೆ ವ್ಯಾಟ್ ಮೀಟರ್ ಜೊತೆಗೆ ಒಯ್ಯಿರಿ. ಈ ದರ್ಜೆಯ ಪುಷ್-ಪುಲ್ (ಟ್ರಾನ್ಸಿಸ್ಟರುಗಳು ಜೋಡಿಯಾಗಿ ದುಡಿಯುವ) ವಿನ್ಯಾಸದ ದಕ್ಷತೆ ಸೈದ್ಧಾಂತಿಕವಾಗಿಯೂ ಶೇ 50 ಮೀರುವುದಿಲ್ಲ. ಅಂದರೆ ಕೊಡುವ ಶಕ್ತಿಯ ಎರಡರಷ್ಟನ್ನಾದರೂ ಅದು ಮೌನದಲ್ಲಿಯೇ ಎಳೆಯಬೇಕು. ಚಾನೆಲ್‌ಗೆ 25 ವ್ಯಾಟ್ ಎಂದು ಹೇಳಿಕೊಳ್ಳುವ ಸ್ಟೀರಿಯೊ ಪೆಟ್ಟಿಗೆ ಮೌನದಲ್ಲಿ 40 ವ್ಯಾಟ್ ಮಾತ್ರ ಎಳೆಯುತ್ತಿದ್ದರೆ, ಅದು ಎಬಿ. ಎಬಿಯ ಬೆಲೆಯನ್ನೇ ಕೊಡಿ.