ಹಾಯಿದೋಣಿ ವೃತ್ತಿ: ಒಲಿಂಪಿಕ್ಸೋ, ನಡುಸಾಗರವೋ?

ಹಾಯಿದೋಣಿಯನ್ನೇ ವೃತ್ತಿ ಮಾಡಿಕೊಳ್ಳಬೇಕು, ಒಲಿಂಪಿಕ್ಸ್‌ನ ಸಣ್ಣ ದೋಣಿ, ಸಾಗರ ದಾಟುವ ದೂರದ ರೇಸು, ಈ ಎರಡರಲ್ಲಿ ಯಾವುದನ್ನು ಹಿಡಿಯಲಿ ಅಂತ ಕೇಳಿದ್ದೀರಿ. ಮೊದಲು ಖರ್ಚು. ಒಲಿಂಪಿಕ್ಸ್‌ನಲ್ಲಿ ಒಬ್ಬರೇ ಓಡಿಸುವ ಐಎಲ್‌ಸಿಎ 7 ಅನ್ನುವ ದೋಣಿ 4.23 ಮೀಟರ್ ಉದ್ದ. ಎಲ್ಲರದ್ದೂ ಒಂದೇ ಅಚ್ಚು, ಹಾಗಾಗಿ ದುಡ್ಡಿಗಿಂತ ಕೈಚಳಕವೇ ಜಾಸ್ತಿ ಮುಖ್ಯ. ಭೂಮಿ ಸುತ್ತುವ ಸಾಗರ ರೇಸು ವಾಂದೇ ಗ್ಲೋಬ್‌ನ ದೋಣಿ 18 ಮೀಟರ್ ದಾಟುತ್ತದೆ. ಪ್ರಾಯೋಜಕರಿಲ್ಲದೆ ಆಗುವ ಮಾತಲ್ಲ. ಅರ್ಧ ಆಯಸ್ಸು ಕಂಪನಿಗಳ ಬಾಗಿಲು ತಟ್ಟುವುದರಲ್ಲೇ ಹೋಗುತ್ತದೆ.

ಇನ್ನು ಮೈಗೆ ಬೀಳುವ ಪೆಟ್ಟು. ಸಣ್ಣ ದೋಣಿ ಮಗುಚದಂತೆ ಅದರೊಳಗಿನ ಪಟ್ಟಿಗೆ ಕಾಲು ಸಿಕ್ಕಿಸಿ, ಮೈಯನ್ನು ನೀರಿನ ಮೇಲೆ ಚಾಚಬೇಕು. ತೊಡೆ ಉರಿಯುತ್ತದೆ, ಆದರೆ ಸಂಜೆಗೆ ದಡ ಸಿಗುತ್ತದೆ. ವಾಂದೇಯಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ, ಹೊರಗಿನ ನೆರವಿಲ್ಲದೆ ಭೂಮಿ ಸುತ್ತಬೇಕು. 2025ರಲ್ಲಿ ಫ್ರಾನ್ಸಿನ ಶಾರ್ಲಿ ದಾಲಾಂ 65 ದಿನದೊಳಗೆ ಮುಗಿಸಿದ್ದು ದಾಖಲೆ. ನಿದ್ದೆ ತುಣುಕು ತುಣುಕು. ಹಾಯಿ ಹರಿದರೆ ದರ್ಜಿಯೂ ನೀವೇ, ಪಂಪ್ ಕೆಟ್ಟರೆ ಮೆಕ್ಯಾನಿಕ್ಕೂ ನೀವೇ.

ವಯಸ್ಸಿನ ವಿಷಯದಲ್ಲಿ ಸಾಗರವೇ ಉದಾರಿ: ಫ್ರಾನ್ಸಿನ ಜಾಂ ಲೆ ಕಾಮ್ 65ನೇ ವಯಸ್ಸಿನಲ್ಲೂ ವಾಂದೇಗೆ ಹೊರಟಿದ್ದರು.

ಇನ್ನೂ ಚಿಕ್ಕವರು, ಎದುರಾಳಿ ಪಕ್ಕದಲ್ಲೇ ಇದ್ದರೆ ಹುರುಪು ಅನ್ನುವವರಾದರೆ ಒಲಿಂಪಿಕ್ಸ್ ಹಾದಿ ಹಿಡಿಯಿರಿ. ಒಂಟಿತನ, ಸ್ಪ್ಯಾನರ್ ಎರಡೂ ಇಷ್ಟವಾ? ಹಾಗಾದರೆ ಸಾಗರ. ಆದರೆ ಸುಮ್ನೆ ದೊಡ್ಡ ದೋಣಿಗೆ ಹಾರಬೇಡಿ. ಒಬ್ಬರೇ ಅಟ್ಲಾಂಟಿಕ್ ದಾಟುವ ರೇಸು ಮಿನಿ ಟ್ರಾನ್ಸಾಟ್‌ನ 6.5 ಮೀಟರ್ ದೋಣಿಯಿಂದ ಶುರು ಮಾಡಿ.