ಕಿಟ್ ಗಿಟಾರ್, ಹಲಸಿನ ಗಿಟಾರ್

ನನ್ನ ಒಲವು ಹಲಸಿನ ಕಡೆಗೇ ಎಂದು ಮೊದಲೇ ಹೇಳಿಬಿಡುತ್ತೇನೆ. ಎರಡೂ ಗಿಟಾರುಗಳು 1951ರಲ್ಲಿ ಟೆಲಿಕ್ಯಾಸ್ಟರ್ ಎಂಬ ಹೆಸರು ಪಡೆದ ಫೆಂಡರ್ ಕಂಪನಿಯ ಎಲೆಕ್ಟ್ರಿಕ್ ಗಿಟಾರಿನ ಪಡಿಯಚ್ಚುಗಳೇ. ಒಂದು, 11,500 ರೂಪಾಯಿ ಕೊಟ್ಟು ತರಿಸಿದ ಕಿಟ್, ಅಂದರೆ ಮನೆಯಲ್ಲೇ ಜೋಡಿಸಿಕೊಳ್ಳುವ ಬಿಡಿಭಾಗಗಳ ಕಟ್ಟು. ಇನ್ನೊಂದು, ಮೈಸೂರಿನಲ್ಲಿ ನಮ್ಮ ಬೀದಿಯ ಆಚಾರ್ರ ಬಳಿ ಹಲಸಿನ ಮರದಲ್ಲಿ ಬಾಡಿ (ಗಿಟಾರಿನ ಒಡಲು) ಕೊಯ್ಯಿಸಿ, ನೆಕ್ (ಬೆರಳಾಡಿಸುವ ಉದ್ದ ಕತ್ತು) ಮಾತ್ರ ಸಿದ್ಧವಾಗಿ ಕೊಂಡು ಜೋಡಿಸಿದ್ದು. ನೆಕ್ಕನ್ನು ಅಂಟಿಸದೆ ನಾಲ್ಕು ಸ್ಕ್ರೂಗಳಿಂದ ಬಿಗಿಯುವ ಮಾದರಿ ಇದು. ಇಲ್ಲದಿದ್ದರೆ ನಾನು ಈ ಸಾಹಸಕ್ಕೆ ಕೈ ಹಾಕುತ್ತಿರಲಿಲ್ಲ.

ಕಿಟ್ ಒಂದೇ ಭಾನುವಾರದಲ್ಲಿ ಗಿಟಾರಾಯಿತು. ಸಂಜೆ ನುಡಿಸಲು ಕುಳಿತರೆ ಹದಿನೈದನೇ ಫ್ರೆಟ್ (ನೆಕ್ಕಿನ ಅಡ್ಡ ಲೋಹಪಟ್ಟಿ) ದಾಟಿದ ಮೇಲೆ ಎಲ್ಲಕ್ಕಿಂತ ಸಣ್ಣದಾದ ಮೊದಲನೇ ತಂತಿ ಅಂಚಿನಿಂದ ಜಾರಿ ಬೀಳುತ್ತಿತ್ತು. ನಾನು ನುಡಿಸುವುದು ಹೆಚ್ಚಾಗಿ ತೋಡಿ, ಕಲ್ಯಾಣಿ. ತಂತಿ ಎಳೆಯದೆ ಗಮಕ ಎಲ್ಲಿಂದ ಬರಬೇಕು? ಸ್ಕ್ರೂ ಸಡಿಲಿಸಿ ನೆಕ್ಕನ್ನು ಪಕ್ಕಕ್ಕೆ ತಳ್ಳುವುದು ಇದಕ್ಕೆ ಮನೆಮದ್ದು. ತಳ್ಳಿದೆ, ಅಲುಗಲಿಲ್ಲ. ನೆಕ್ ಕೂರುವ ಗುಳಿಯನ್ನೇ ಸೊಟ್ಟಗೆ ಕೊರೆದಿದ್ದರು.

ಬಾಡಿಯ ಮೇಲೆ ತಂತಿಗಳಿಗೆ ಆಸರೆಯಾದ ಬ್ರಿಜ್ಜನ್ನಾದರೂ ಸರಿಸೋಣವೆಂದರೆ, ಇದರಲ್ಲಿ ತಂತಿಗಳು ಬಾಡಿಯ ಬೆನ್ನಿನಿಂದ ಆರು ತೂತುಗಳ ಮೂಲಕ ಹಾದು ಬರುತ್ತವೆ. ಕೊರೆದದ್ದು ಕೊರೆದಲ್ಲೇ. ಕೊನೆಗೆ ಸಣ್ಣ ತಂತಿಯ ಬದಿಯ ಗೋಡೆಯನ್ನು ಅರದಿಂದ ಒಂದೂವರೆ ಮಿಲಿಮೀಟರ್ ಉಜ್ಜಿದೆ. ನೆಕ್ಕಿನ ಹಳೆಯ ಸ್ಕ್ರೂ ತೂತುಗಳಿಗೆ ಫೆವಿಕಾಲ್ ಹಚ್ಚಿದ ಬಿದಿರುಕಡ್ಡಿ ಬಡಿದು, ಹೊಸದಾಗಿ ಕೊರೆದೆ. ಎದುರು ಬದಿಯಲ್ಲಿ ಬಾಯಿಬಿಟ್ಟ ಸಂದಿಗೆ ವಿನೀರ್ (ತೆಳು ಮರದ ಹಾಳೆ) ಚೂರು ತುರುಕಿದೆ. ಮೂರು ಭಾನುವಾರಗಳು ಇದಕ್ಕೇ ಹೋದವು. ಮಾರಿದವರಿಗೆ ಬರೆದಿದ್ದಕ್ಕೆ, ಬಣ್ಣ ಹಚ್ಚಿದ ಮಾಲು ವಾಪಸಿಲ್ಲ ಎಂಬ ಒಂದು ಸಾಲಿನ ಉತ್ತರ.

ಹಲಸಿನದಕ್ಕೆ ಒಂದು ತೂತನ್ನೂ ಕೊರೆಯುವ ಮುನ್ನ ನೆಕ್ ಕೂರಿಸಿ, ನೆಕ್ಕಿನ ತುದಿಯಲ್ಲಿ ತಂತಿಗಳು ಹಾಯುವ ನಟ್ಟಿನ ಎರಡು ತುದಿಗಳಿಂದ ಬ್ರಿಜ್ಜಿಗೆ ಹೊಲಿಗೆ ದಾರ ಬಿಗಿದೆ. ನಟ್ಟಿನಿಂದ ಹನ್ನೆರಡನೇ ಫ್ರೆಟ್ಟಿಗೆ 324 ಮಿ.ಮೀ.; ಅಲ್ಲಿಂದ ಬ್ರಿಜ್ಜಿನ ಮೇಲೆ ತಂತಿ ಕೂರುವ ಸ್ಯಾಡಲ್ಲಿಗೆ ಅಷ್ಟೇ, ಕೂದಲೆಳೆಯಷ್ಟು ಹೆಚ್ಚು. ದಾರಗಳು ಎರಡೂ ಅಂಚುಗಳಿಂದ ಸಮದೂರದಲ್ಲಿ ಹಾದದ್ದನ್ನು ಬಗ್ಗಿ ನೋಡಿದ ಆಚಾರ್ರು, “ಬಾಗಿಲ ಚೌಕಟ್ಟಿಗೆ ತೂಗುಗುಂಡು ಬಿಟ್ಟ ಹಾಗೆಯೇ ಸ್ವಾಮಿ” ಎಂದರು. ಆಮೇಲೆ ಅವರ ಡ್ರಿಲ್ ಎಲ್ಲಿಯೂ ತಪ್ಪಲಿಲ್ಲ.

ವೀಣೆಯ ಮರವೆಂಬ ಮೋಹಕ್ಕೆ ಹಲಸನ್ನು ಆರಿಸಿದ್ದು. ಆ್ಯಂಪ್ಲಿಫೈಯರಿಗೆ ಜೋಡಿಸಿದ ಮೇಲೆ ದನಿಯಲ್ಲಿ ಅದರ ವ್ಯತ್ಯಾಸ ನನ್ನ ಕಿವಿಗಂತೂ ಕೇಳಿಸಿಲ್ಲ. ಬಣ್ಣದ ಮಾತೇ ಬೇರೆ. ಹೊಸದಾಗಿ ಕೊಯ್ದ ಹಲಸು ಅರಿಶಿನದ ಹಳದಿ. ಬೆಳಕು ಬಿದ್ದಂತೆಲ್ಲ ಜೇನಿನ ಕಂದಿಗೆ ತಿರುಗುತ್ತದೆ. ಐವತ್ತರ ದಶಕದ ಆರಂಭದ ಟೆಲಿಕ್ಯಾಸ್ಟರುಗಳ ಬಟರ್‌ಸ್ಕಾಚ್ ಬಣ್ಣಕ್ಕೆ ಹತ್ತಿರದ ಛಾಯೆ ಪುಕ್ಕಟೆಯಾಗಿ ಸಿಕ್ಕಿತು, ಮೇಲೆ ಬರೀ ಫ್ರೆಂಚ್ ಪಾಲಿಶ್.

ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ಗಳಲ್ಲಿ ಕಿಟ್ ಸೋಲಲಿಲ್ಲ. ಟ್ಯೂಬ್‌ಲೈಟ್ ಹಾಕಿದರೆ ಎರಡೂ ಒಂದೇ ಶ್ರುತಿಯಲ್ಲಿ ಗುಂಯ್ ಎನ್ನುತ್ತವೆ. ಕಿಟ್ಟಿನ ತಂತಿ ಬಿಗಿಯುವ ಕಿವಿಗಳು ಮಾತ್ರ ಶ್ರುತಿಯಲ್ಲಿ ನಿಲ್ಲುವುದಿಲ್ಲ. ಹಲಸಿನದು ಭಾರ, ನಾಲ್ಕು ಕಿಲೋ ದಾಟುತ್ತದೆ. ಕುಳಿತು ನುಡಿಸುವ ನನಗೆ ಅದು ತೊಂದರೆಯಲ್ಲ, ವೇದಿಕೆಯಲ್ಲಿ ನಿಲ್ಲುವವರು ಯೋಚಿಸಲಿ. ಒಟ್ಟು ಖರ್ಚು 24,000. ಹೆಚ್ಚಿನ ಪಾಲು ನೆಕ್ಕೇ ನುಂಗಿತು. ಆ ಹಣ ಒಮ್ಮೆಗೇ ಕೈಯಲ್ಲಿ ಇರಲಿಲ್ಲ, ಎಂಟು ತಿಂಗಳಲ್ಲಿ ಒಂದೊಂದೇ ಭಾಗ ಕೊಂಡೆ. ಕಿಟ್ಟಿನಲ್ಲಿ ಆ ಅನುಕೂಲವಿಲ್ಲ.

ಕಿಟ್ ಗಿಟಾರ್ ಈಗ ಅಕ್ಕನ ಮಗನ ಬಳಿಯಿದೆ. ಅವನು ಐದನೇ ಫ್ರೆಟ್ ದಾಟಿ ಕೈ ಇಟ್ಟವನಲ್ಲ. ನಾನು ತುರುಕಿದ ವಿನೀರಿನ ಮೇಲೆ ಕ್ರಿಕೆಟ್ ಸ್ಟಿಕ್ಕರ್ ಅಂಟಿಸಿಕೊಂಡಿದ್ದಾನೆ.